ಹದಿನಾರು ಜಿಬಿಯ ತಿದ್ದುಪಡಿ

ನಮ್ಮ ಮನೆಯ ಕಂಪ್ಯೂಟರು ಸಾಯುವುದಿಲ್ಲ. ನನ್ನ ಸಂಸಾರದ ದೊಡ್ಡ ಕಷ್ಟ ಅದೇ.

ಬೇರೆಯವರ ಕಂಪ್ಯೂಟರುಗಳು ಎಷ್ಟು ಲಕ್ಷಣವಾಗಿ ಸಾಯುತ್ತವೆ ನೋಡಿ. ಮಳೆಗಾಲದ ಮೊದಲ ಸಿಡಿಲಿಗೆ ನಮ್ಮ ಕೋಟದಲ್ಲಿ ಪ್ರತಿವರ್ಷ ಹತ್ತಾರು ಹೋಗುತ್ತವೆ. ಎದುರುಮನೆಯ ಅಶೋಕರದ್ದು ಹೋದ ವರ್ಷ ಹೋಯಿತು. ವಾರದೊಳಗೆ ಅವರ ಚಾವಡಿಯಲ್ಲಿ ಹೊಸದು ಬಂದು ಕೂತಿತು. ನಮ್ಮದಕ್ಕೆ ಸಿಡಿಲೇ ಹೆದರುತ್ತದೆ. ಅದು ಮುಂಬೈಯ ನನ್ನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬಿಲ್ಲು ಹೊಡೆಯುತ್ತಿದ್ದ ಯಂತ್ರ. ಹೋಟೆಲನ್ನು ಅಕ್ಕನ ಮಗ ಸುಧೀರನ ಕೈಗೆ ಒಪ್ಪಿಸಿ ಊರಿಗೆ ಹೊರಟಾಗ ಅವನು ತನಗೆ ಹೊಸದು ತಂದುಕೊಂಡು, ಇದನ್ನು ನನ್ನ ಸಾಮಾನಿನ ಜೊತೆ ಕಟ್ಟಿ ಕಳಿಸಿದ. ಶುರು ಮಾಡಿದರೆ ಗ್ರೈಂಡರಿನ ಸದ್ದು. ಬಿಸಿಯಾದರೆ ಇವತ್ತಿಗೂ ಸಣ್ಣಗೆ ಸಾಂಬಾರಿನ ವಾಸನೆ. (ಉತ್ಪ್ರೇಕ್ಷೆ ಎನ್ನಬೇಡಿ, ಬೇಕಾದರೆ ಬಂದು ಮೂಸಿ ನೋಡಿ.) ಅದರ ಬೆಚ್ಚಗಿನ ತಲೆಯ ಮೇಲೆ ನನ್ನ ಹೆಂಡತಿ ಪ್ರಫುಲ್ಲಾ ಮಳೆಗಾಲದಲ್ಲಿ ಸಂಡಿಗೆ ಒಣಗಿಸುತ್ತಾಳೆ. ಒಳಗೆ ಒಂದು ಹಲ್ಲಿ ಬಾಣಂತನ ಮುಗಿಸಿಕೊಂಡಿದೆ. ಇಷ್ಟು ಉಪಕಾರಕ್ಕೆ ಬರುವ ವಸ್ತುವನ್ನು ಬದಲಿಸುವುದು ಪಾಪ ಎಂಬುದು ಅವಳ ಸಿದ್ಧಾಂತ.

“ಅಕ್ಷರ ಒಂದೂ ಸಮ ಕಾಂತಿಲ್ಲೆ ಮಾರಾಯ್ತಿ. ಪರದೆ ಪೂರಾ ಮಸ್ಕ್ ಆಯ್ತ್. ಒಂದ್ ಲ್ಯಾಪ್‌ಟಾಪ್ ತಕಂಬ,” ಎಂದು ನಾನು ಯಾವಾಗ ಹೇಳಿದರೂ ಅವಳ ಉತ್ತರ ಸಿದ್ಧ.

“ಪೇಪರನ್ನೂ ಕೈ ಉದ್ದ ಮಾಡಿ ಹಿಡ್ಕಂಡ್ ಓದ್ತ್ರಿ ಅಲ್ದಾ. ಅದರ ಪರದೆಯೂ ಮಸ್ಕಾ?”

“ಅದ್ ಶಾಯಿ ಸಮ ಇಲ್ದೆ.”

“ಮೊನ್ನೆ ಸಾರಿಗೆ ಜೀರಿಗೆ ಅಂದ್ಕಂಡ್ ಬಡೆಸೋಂಪು ಹಾಕಿರಿ.”

“ಅದ್ ಡಬ್ಬಿ ಎರಡೂ ಒಂದೇ ನಮೂನಿ ಇದ್ದದ್ದಕ್ಕೆ.”

ಇಲ್ಲಿಗೆ ಮಾತು ಮುಗಿಯುತ್ತದೆ. (ಒಂದು ವಿಷಯ ಹೇಳಲು ಮರೆತೆ. ನಾವಿರುವ ಮನೆ ಅವಳ ತಾಯಿಯದು, ಅಂದರೆ ಅವಳದು. ನಮ್ಮಲ್ಲಿ ಬಳಿ, ಅಂದರೆ ವಂಶದ ಹೆಸರು, ಹೋಗುವುದು ತಾಯಿಯಿಂದ ಮಕ್ಕಳಿಗೆ. ಗಂಡ ಎಂಬವನು ಮಹಾ ಮರ್ಯಾದೆಯ ಅತಿಥಿ. ಆದರೆ ಅತಿಥಿಯಾದವನು ಮನೆಯ ಕಂಪ್ಯೂಟರು ಬದಲಿಸುವುದಿಲ್ಲ.)

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಬ್ರಹ್ಮಾವರದಲ್ಲಿ ನನಗೊಬ್ಬ ಷಡ್ಡಕನಿದ್ದಾನೆ, ಪ್ರಫುಲ್ಲಾಳ ತಂಗಿ ಸ್ನೇಹಲತಾಳ ಗಂಡ ಉಮಾನಾಥ. ಅವನ ಹತ್ತಿರ ಬೆಳ್ಳಿ ಬಣ್ಣದ ಲ್ಯಾಪ್‌ಟಾಪಿದೆ. ಮದುವೆ, ಗೃಹಪ್ರವೇಶ, ಸತ್ತವರ ಬೊಜ್ಜ ಎನ್ನದೆ ಅದನ್ನು ಬಗಲಲ್ಲಿ ಇಟ್ಟುಕೊಂಡೇ ಬರುತ್ತಾನೆ. ಬಂದು, “ಶೆಟ್ರೆ, ನಿಮ್ಮ ಗ್ರೈಂಡರ್ ಹ್ಯಾಂಗಿತ್ತ್?” ಎಂದು ಕೇಳುತ್ತಾನೆ.

ಹೀಗಿರುವಾಗ ನಾಗರಪಂಚಮಿ ಕಳೆದ ಮೇಲೆ ತಲ್ಲೂರಿನ ಮೂಲಮನೆಯಲ್ಲಿ ಪ್ರಫುಲ್ಲಾಳ ಕುಟುಂಬದವರೆಲ್ಲ ಸೇರುವುದೆಂದು ತೀರ್ಮಾನವಾಯಿತು. ಅಂದು ಗೋಡೆಗೆ ಇಡೀ ಕುಟುಂಬದ ವಂಶವೃಕ್ಷ ತೂಗುಹಾಕಬೇಕು, ಅದನ್ನು ತಯಾರಿಸುವ ಹೊಣೆ ಪ್ರಫುಲ್ಲಾಳದು. ಸಾಮಾನ್ಯ ವಂಶವೃಕ್ಷ ನಮಗೆ ಹೊಂದುವುದಿಲ್ಲ. ಅವುಗಳಲ್ಲಿ ಅಜ್ಜ, ಅಪ್ಪ, ಮಗ ಎಂದು ಗಂಡಸರೇ ಇಳಿಯುತ್ತಾ ಬರುತ್ತಾರೆ. ನಮಗೆ ಬೇಕಾದ್ದು ಅಜ್ಜಿ, ತಾಯಿ, ಮಗಳು. ಹುಡುಕಿದಾಗ ಅಂಥದ್ದೇ ಒಂದು ತಂತ್ರಾಂಶ ಇದೆಯೆಂದು ಗೊತ್ತಾಯಿತು. ಹೆಸರು ‘ತಾಯಿಬೇರು’. ಬೈಂದೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಹರ್ಷಾ ಎಂಬ ಹುಡುಗಿ ಮಾಡಿದ್ದು, ಪುಕ್ಕಟೆ. ಹೆಂಗಸರ ಹೆಸರಿಗೆ ಗಟ್ಟಿ ಚೌಕ, ಅವರ ಗಂಡಂದಿರಿಗೆ ಪಕ್ಕದಲ್ಲಿ ಚುಕ್ಕಿಚುಕ್ಕಿಯ ಚೌಕ.

‘ಪಡುಗಡಲು’ ಎಂಬ ಜಾಲತಾಣದಲ್ಲಿ ಅದರ ವಿವರವಿತ್ತು. ನಮ್ಮ ಕಡೆಯ ಬಸ್ಸಿನ ಸಮಯ, ಮದುವೆ ಹಾಲ್‌ಗಳ ನಂಬರು, ಊರವರು ಮಾಡಿದ ತಂತ್ರಾಂಶ, ಎಲ್ಲ ಸಿಗುವ ತಾಣ ಅದು. ಓದುತ್ತಾ ಹೋದವನಿಗೆ ರೋಮಾಂಚನವಾಯಿತು. ‘ತಾಯಿಬೇರು ನಡೆಯಲು ಕಡ್ಡಾಯವಾಗಿ ಬೇಕಾದುದು: ವಿಂಡೋಸ್ ಹನ್ನೊಂದು, ಹದಿನಾರು ಜಿಬಿ ಮೆಮೊರಿ, ಎಡೆಬಿಡದ ಇಂಟರ್ನೆಟ್.’

ನಮ್ಮ ಗ್ರೈಂಡರಿನಲ್ಲಿ ಇದ್ದದ್ದು ವಿಂಡೋಸ್ ಏಳು, ಮೆಮೊರಿ ಎರಡು ಜಿಬಿ. ಇಂಟರ್ನೆಟ್ ಗಾಳಿ ಬೀಸದಿದ್ದರೆ ಉಂಟು. ನಾನು ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಅಡುಗೆಮನೆಗೆ ಹೋದೆ.

“ಪ್ರಫುಲ್ಲಾ, ನಿನ್ನ ವಂಶವೃಕ್ಷ ನಮ್ಮ ಕಂಪ್ಯೂಟರಲ್ಲಿ ಆತಿಲ್ಲೆ ಕಾಣ್.”

“ಎಂತಕ್ಕೆ?”

“ನಾ ಹೇಳುದಲ್ಲ. ಇಲ್ಲಿ ಬರ್ದಿದ್ರ್. ಕಡ್ಡಾಯ ಅಂಬ್ರ್.”

ಅವಳು ಕೈ ಒರೆಸಿಕೊಂಡು ಮೊಬೈಲಿನಲ್ಲಿ ಓದಿದಳು. ಗಂಡನ ಮಾತನ್ನು ಅಳೆದು ತೂಗಿ ನೋಡುವವಳು ಅಚ್ಚಾದ ಮಾತನ್ನು ಹಾಗೆಯೇ ನಂಬುತ್ತಾಳೆ. ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿ, “ಕುಟುಂಬದ ಕೆಲ್ಸ ಅಂದ್ಮೇಲೆ ಇಲ್ಲ ಅಂಬುಕಾತ್ತಾ. ಬಪ್ಪು ಶನಿವಾರ ಕುಂದಾಪುರಕ್ಕೆ ಹೋಪ. ತಕಂಬ,” ಎಂದಳು.

ಅಂದಿನ ನನ್ನ ಸಂತೋಷವನ್ನು ಹೇಗೆ ಹೇಳಲಿ. ಸಂಜೆಯೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ಅಂಗಡಿಯಲ್ಲಿ ವಧುಪರೀಕ್ಷೆ ಮುಗಿಸಿದೆ. ಬೆಳ್ಳಿ ಬಣ್ಣ. ತೆಳ್ಳಗೆ. ಉಮಾನಾಥನದ್ದಕ್ಕಿಂತ ಒಂದು ಬೆರಳು ಅಗಲ. ಶನಿವಾರ ಬರುತ್ತೇವೆ, ಯಾರಿಗೂ ಕೊಡಬೇಡಿ ಎಂದು ಹೇಳಿ ಬಂದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಶನಿವಾರ ಬೆಳಿಗ್ಗೆ ಪ್ರಫುಲ್ಲಾ, “ಒಂದ್ಸಲ ಹಾಕಿ ಕಂಡಿರ್ಯಾ?” ಎಂದು ಕೇಳುವ ಸಂಭವವಿತ್ತು. ಕೇಳಿದರೆ ತೋರಿಸಲು ಸಾಕ್ಷಿ ಬೇಕಲ್ಲ. ಅವಳು ಹಾಲಿನ ಡೈರಿಗೆ ಹೋದಾಗ ತಾಯಿಬೇರನ್ನು ನಮ್ಮ ಗ್ರೈಂಡರಿಗೆ ಇಳಿಸಿಕೊಂಡೆ. ಇಳಿದು ಮುಗಿಯುವಷ್ಟರಲ್ಲಿ ಗಾಳಿ ಬಂದು ಇಂಟರ್ನೆಟ್ಟೂ ಹೋಯಿತು. ಇನ್ನೂ ಒಳ್ಳೆಯದಾಯಿತು ಎಂದುಕೊಂಡು, ಯಂತ್ರ ಕೈಕಾಲು ಬಡಿದುಕೊಂಡು ಬೀಳುವುದನ್ನು ನೋಡಲು ಕುರ್ಚಿ ಎಳೆದುಕೊಂಡು ಕೂತು ಒತ್ತಿದೆ.

ತೆರೆಯಿತು. ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ‘ಮೊದಲ ತಾಯಿಯ ಹೆಸರು ಬರೆಯಿರಿ’ ಎಂದು ಕೇಳಿತು. ಬರೆದೆ. ಚೌಕ ಬಂತು. ಕೆಳಗೆ ಮಗಳ ಹೆಸರು ಬರೆದೆ. ಅದಕ್ಕೂ ಚೌಕ ಬಂತು. ಆ ದರಿದ್ರ ಯಂತ್ರ ಜನ್ಮದಲ್ಲಿ ಇಷ್ಟು ಚುರುಕಾಗಿ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಪಟ್ಟನೆ ಮುಚ್ಚಿ ಸುತ್ತ ನೋಡಿದೆ. ಹಲ್ಲಿಯ ಹೊರತು ಯಾರೂ ನೋಡಿರಲಿಲ್ಲ.

ಈಗ ನನ್ನ ಕಾಯಿಲೆಯ ವಿಷಯ ಹೇಳಬೇಕು. ತಪ್ಪು ಕಂಡರೆ ನನಗೆ ತಡೆಯುವುದಿಲ್ಲ. ಹೋಟೆಲಿನಲ್ಲಿ ದಿನವಿಡೀ ಬಿಲ್ಲು ತಿದ್ದಿ ತಿದ್ದಿ ಬಂದ ರೋಗವಿರಬೇಕು. ಬಂಧುಗಳ ಮದುವೆ ಕಾಗದವನ್ನು ತಿದ್ದಿ ಅವರಿಗೇ ವಾಪಸು ಕಳಿಸಿದ್ದೇನೆ. ಅಮಾಸೆಬೈಲಿಗೆ ಹೋಗುವ ಮೊದಲ ಬಸ್ಸಿನ ಸಮಯ ತಪ್ಪಾಗಿದೆಯೆಂದು ಪಡುಗಡಲಿಗೆ ಬರೆದು, ಬಸ್ಸಿನ ಫೋಟೊ ಸಮೇತ ಸಾಧಿಸಿದ್ದೇನೆ. ಅಂಥವನ ಎದುರಿಗೆ ಈಗ ಇಡೀ ಊರು ಓದುವ ಜಾಗದಲ್ಲಿ, ‘ಕಡ್ಡಾಯ’ ಎಂಬ ಪದದ ಸಮೇತ, ಇಷ್ಟು ದೊಡ್ಡ ತಪ್ಪು ಕೂತಿತ್ತು.

ಬಾಯಿ ಮುಚ್ಚಿಕೊಂಡೆ. ನಿಜವಾಗಿಯೂ ಮುಚ್ಚಿಕೊಂಡೆ. ಅಂದು ಮಧ್ಯಾಹ್ನ ಪ್ರಫುಲ್ಲಾ ಕೋಳಿಸುಕ್ಕ ಮಾಡಿದ್ದಳು. ಬೇರೆ ದಿನ ಎರಡು ಸಲ ಬಡಿಸಿಕೊಳ್ಳುವವನು ಒಂದೇ ಸಲಕ್ಕೆ ಎದ್ದೆ. “ಎಂತ, ಉಪ್ಪ್ ಹೆಚ್ಚಾಯ್ತಾ?” ಎಂದು ಅವಳು ಕೇಳಿದಳು. ಹದಿನಾರು ಹೆಚ್ಚಾಯ್ತು ಎಂದು ಹೇಳುವ ಹಾಗಿರಲಿಲ್ಲ. ನನಗೆ ಬೇಕಾದ್ದು ಲ್ಯಾಪ್‌ಟಾಪು, ಸತ್ಯವಲ್ಲ ಎಂದು ಮನಸ್ಸಿಗೆ ಬುದ್ಧಿ ಹೇಳಿ ಮಲಗಿಸಿದೆ. ಶನಿವಾರದ ತನಕ ಹೇಗಾದರೂ ತಳ್ಳುತ್ತಿದ್ದೆನೋ ಏನೋ.

ಮರುದಿನ ಕುಟುಂಬದ ವಾಟ್ಸಾಪ್ ಗುಂಪಿಗೆ ಅಮಾಸೆಬೈಲಿನ ಚಂದ್ರ, ಅಂದರೆ ಪ್ರಫುಲ್ಲಾಳ ಚಿಕ್ಕಮ್ಮನ ಮಗ, ಒಂದು ಮಾತು ಹಾಕಿದ. “ನಮ್ಮ ಕವಲಿನ ಹೆಸ್ರೆಲ್ಲ ನಾನೇ ಹಾಕುವ ಅಂತಿದ್ದೆ. ನಮ್ಮ ಕಂಪ್ಯೂಟರ್ ಹಳತ್. ಅದ್ರಲ್ಲಿ ಆತ್ತಾ?”

ಮರುಕ್ಷಣ ಉಮಾನಾಥನ ಉತ್ತರ ಬಂತು. “ಆತಿಲ್ಲೆ ಚಂದ್ರ. ಹದಿನಾರು ಜಿಬಿ ಬೇಕೇ ಬೇಕ್. ಹಳೆ ಡಬ್ಬದಲ್ಲಿ ಅದೆಲ್ಲ ಓಡುದಿಲ್ಲೆ. ನನ್ನತ್ರ ಇತ್ತ್, ಕಳ್ಸ್, ಮಾಡಿ ಕೊಡ್ತೆ.”

ಅದರ ಕೆಳಗೆ ಹೆಬ್ಬೆರಳುಗಳ ಮೆರವಣಿಗೆ. ‘ಉಮಾನಾಥಣ್ಣನಿಗೆ ಎಲ್ಲ ಗೊತ್ತು’ ಎಂದು ಯಾರೋ. ಚಂದ್ರ ಪಾಪ, ‘ಹಂಗಾರೆ ಬಿಡಿ’ ಎಂದು ಹಾಕಿದ್ದ.

ನೀವೇ ಹೇಳಿ. ತಪ್ಪನ್ನು ನುಂಗಬಹುದು. ಷಡ್ಡಕನನ್ನೂ ಕಷ್ಟಪಟ್ಟು ನುಂಗಬಹುದು. ತಪ್ಪನ್ನು ಷಡ್ಡಕ ಬಡಿಸಿದರೆ ಯಾವ ಗಂಟಲಿನಲ್ಲಿ ಇಳಿಯುತ್ತದೆ.

ನೇರ ಕಂಪ್ಯೂಟರಿನ ಮುಂದೆ ಕೂತೆ. ಹೆಸರು ಹಾಕದೆ ‘ಒಬ್ಬ ಹಿತೈಷಿ’ ಎಂದು ಬರೆಯುವುದೆಂದೇ ಕೂತದ್ದು. ಪಡುಗಡಲಿನವರು ತಿದ್ದುವಷ್ಟರಲ್ಲಿ ಶನಿವಾರ ಕಳೆದಿರುತ್ತದೆ, ಲ್ಯಾಪ್‌ಟಾಪು ಮನೆ ಸೇರಿರುತ್ತದೆ, ಸತ್ಯವೂ ಗೆಲ್ಲುತ್ತದೆ ಎಂಬ ಲೆಕ್ಕಾಚಾರ ನನ್ನದು. “ಮಾನ್ಯರೇ, ತಾಯಿಬೇರು ತಂತ್ರಾಂಶದ ಅಗತ್ಯಗಳ ಕುರಿತು ತಮ್ಮಲ್ಲಿ ಪ್ರಕಟವಾಗಿರುವ ವಿವರಗಳು ಆಮೂಲಾಗ್ರ ತಪ್ಪಾಗಿರುತ್ತವೆ. ಎರಡೇ ಜಿಬಿ ಮೆಮೊರಿಯ, ವಿಂಡೋಸ್ ಏಳರ, ಇಂಟರ್ನೆಟ್ ಕಡಿದುಹೋಗಿದ್ದ ನನ್ನ ಪುರಾತನ ಯಂತ್ರದಲ್ಲಿ ಸದರಿ ತಂತ್ರಾಂಶವು ತತ್‌ಕ್ಷಣ ತೆರೆದುಕೊಂಡು, ಅಕ್ಷರಗಳು ಮುತ್ತು ಪೋಣಿಸಿದಂತೆ ಸ್ಪಷ್ಟವಾಗಿ ಗೋಚರಿಸಿರುತ್ತವೆ.” (ಸ್ಪಷ್ಟವಾಗಿ ಗೋಚರಿಸಿದ್ದವೇ ಎಂದು ಕೇಳಬೇಡಿ. ಬರೆಯುವ ಭರದಲ್ಲಿ ಬಂತು.) ಇಷ್ಟು ಒಳ್ಳೆಯ ವಾಕ್ಯವನ್ನು ಅನಾಥವಾಗಿ ಬಿಡಲು ಮನಸ್ಸು ಬರಲಿಲ್ಲ. ಪುರಾವೆಯಿಲ್ಲದೆ ಅವರು ತಿದ್ದುವುದೂ ಇಲ್ಲ. ಕಂಪ್ಯೂಟರಿನ ಫೋಟೊ ತೆಗೆದು ಸೇರಿಸಿ, ಕೆಳಗೆ ‘ರತ್ನಾಕರ ಶೆಟ್ಟಿ, ಕೋಟ’ ಎಂದು ಬರೆದು, ಫೋನ್ ನಂಬರೂ ಹಾಕಿ ಕಳಿಸಿದೆ. ಅಂದು ಕೋಳಿಸುಕ್ಕ ಉಳಿದಿದ್ದರೆ ಮೂರು ಸಲ ಬಡಿಸಿಕೊಳ್ಳುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಹಂಡೆಯ ಬಿಸಿನೀರು ಮೊಗೆದು ಮೈಗೆ ಸಾಬೂನು ಹಚ್ಚಿಕೊಂಡಿದ್ದೆ. ಚಾವಡಿಯಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಪ್ರಫುಲ್ಲಾ ಎತ್ತಿದಳು. ಬಚ್ಚಲಿನ ಬಾಗಿಲಿನಾಚೆಯಿಂದ ಅವಳ ಕಡೆಯ ಮಾತಷ್ಟೇ ಕೇಳುತ್ತಿತ್ತು.

“ಹೌದ್, ಅವ್ರ ಹೆಂಡ್ತಿ. ಅವ್ರ್ ಮೀತಾ ಇದ್ರ್. ... ಬೈಂದೂರಿನ ಹರ್ಷಾ ಅಂದ್ರೆ? ... ಓ, ತಾಯಿಬೇರಿನವ್ರಾ. ... ಅವ್ರ್ ಎಂತ ಉಪ್ಕಾರ ಮಾಡಿರ್? ... ಹೌದಾ. ... ನಮ್ಮ ಕಂಪ್ಯೂಟರಲ್ಲಾ? ... ಓಡಿತಾ? ... ಚಂದ ಓಡಿತಾ?”

ಸಾಬೂನು ಕಣ್ಣಿಗೆ ಹೋಯಿತು.

“ಹಂಗಾರೆ ಹದಿನಾರು ಅಂತ ಎಂತಕ್ಕೆ ಹಾಕಿದ್ದ್ ಮಗಾ?” ಎಂದು ಅವಳು ಮುಂದುವರಿಸಿದಳು. ಆಮೇಲೆ ತಿಳಿದದ್ದು ಇಷ್ಟು. ಇದನ್ನು ಯಾವ ಕಂಪ್ಯೂಟರಿನಲ್ಲಿ ಮಾಡಿದಿರಿ ಎಂದು ಪಡುಗಡಲಿನವರು ಹರ್ಷಾಳನ್ನು ಕೇಳಿದ್ದರು. ಅವಳು ತನ್ನದರ ವಿವರ ಕೊಟ್ಟಿದ್ದಳು. ಅವರು ಅದನ್ನೇ ‘ಕಡ್ಡಾಯ’ ಎಂದು ಹಾಕಿಬಿಟ್ಟಿದ್ದರು. ಅಡುಗೆ ಭಟ್ಟರ ಮನೆಯಲ್ಲಿ ದೊಡ್ಡ ಕಡಾಯಿ ಇದ್ದರೆ ಉಣ್ಣುವವರ ಮನೆಯಲ್ಲೂ ಇರಬೇಕೆಂದ ಹಾಗೆ. ತಪ್ಪಾಗಿದೆ ಎಂದು ಪಾಪದ ಹುಡುಗಿ ಬರೆದೂ ಬರೆದೂ ಸೋತಿದ್ದಳು. ನೀವು ಮಾಡಿದವರು, ನೀವು ಹಾಗೆಯೇ ಹೇಳುತ್ತೀರಿ, ಬಳಸಿದವರ ಪುರಾವೆ ಬೇಕು ಎಂಬುದು ಅವರ ನಿಯಮ. ನನ್ನ ಪುರಾವೆ ಬಂದದ್ದೇ, ಶನಿವಾರಕ್ಕೂ ಕಾಯದೆ, ತಿದ್ದಿ ಹಾಕಿದ್ದರು.

ತಲೆ ಒರೆಸಿಕೊಂಡು ಹೊರಗೆ ಬಂದೆ. ಪ್ರಫುಲ್ಲಾ ಬೈಯಲಿಲ್ಲ. ತಟ್ಟೆಗೆ ಕೊಟ್ಟೆಕಡುಬು ಹಾಕಿ, ಕಾಯಿಚಟ್ನಿ ಬಡಿಸಿ, ಎದುರಿಗೆ ಕೂತು ಮೊಬೈಲು ಓದಿದಳು. ನನಗೆ ಅದರಷ್ಟು ಹೆದರಿಕೆಯ ವಿಷಯ ಬೇರೊಂದಿಲ್ಲ.

“ತಿದ್ದುಪಡಿ. ತಾಯಿಬೇರು ಎಂಥ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಇಂಟರ್ನೆಟ್ ಬೇಡ. ಕೋಟದ ರತ್ನಾಕರ ಶೆಟ್ಟರ ಯಂತ್ರದಲ್ಲಿ ಪರೀಕ್ಷಿಸಿ ಖಚಿತಪಡಿಸಲಾಗಿದೆ. ಅವರ ಮಾತಿನಲ್ಲೇ ಕೇಳಿ,” ಎಂದು ನನ್ನ ವಾಕ್ಯವನ್ನು ಇಡಿಯಾಗಿ ಓದಿದಳು. ಆಮೇಲೆ ಫೋಟೊ ನೋಡಿದಳು. “ಹ್ವಾಯ್, ಫೋಟೊ ತೆಗೆವತಿಗೆ ಮೇಲಿನ ಸಂಡಿಗೆ ಗೆರಸಿ ತೆಗ್ದಿಡುಕೆ ಆತಿರ್ಲಿಲ್ಯಾ? ಊರಿಡೀ ಕಂಡಾಯ್ತ್.”

“ಅದ್... ಬೇರೆಯವ್ರಿಗೆ ಉಪ್ಕಾರ ಆಯ್ಲಿ ಅಂತ...”

“ನಾ ಎಂತ ಹೇಳ್ದೆ. ಒಳ್ಳೇ ಕೆಲ್ಸವೇ ಮಾಡಿರಿ. ಇನ್ನೊಂದ್ ಕಡುಬು ಹಾಕ್ಲಾ?” ಎಂದಳು. ಹಾಕಿದಳು. ಕೈ ತೊಳೆದು ಬಂದು ಕುಂದಾಪುರದ ಅಂಗಡಿಗೆ ಫೋನು ಮಾಡಿ, ನಾವು ನಾಳೆ ಬರುವುದಿಲ್ಲ ಎಂದಳು.

ಮಧ್ಯಾಹ್ನ ಚಂದ್ರನ ಫೋನು ಬಂತು. “ಭಾವ, ನಮ್ಮ ಹಳೆ ಡಬ್ಬದಲ್ಲೂ ಓಡಿತ್ ಕಾಣಿ. ಅಮ್ಮ ಪಕ್ಕದಲ್ಲೇ ಕೂಕಂಡ್ ಒಂದೊಂದೇ ಹೆಸ್ರ್ ನೆನಪ್ ಮಾಡಿ ಹೇಳ್ತಾ ಇದ್ರ್.” ಅವನ ದನಿಯಲ್ಲಿದ್ದ ಖುಷಿ ಕೇಳಿ ನನಗೂ ಖುಷಿಯಾಯಿತು. ಲ್ಯಾಪ್‌ಟಾಪು ಹೋದ ದುಃಖ ಅರ್ಧ ಇಳಿಯಿತು. ಉಳಿದರ್ಧ ಉಮಾನಾಥ ಗುಂಪಿನಲ್ಲಿ ಒಂದೇ ಒಂದು ಅಕ್ಷರ ಹಾಕದೆ ಕೂತದ್ದನ್ನು ನೋಡಿ ಇಳಿಯಿತು.

ಎಲ್ಲ ಕವಲುಗಳ ಹೆಸರು ಬಂದ ಮೇಲೆ ಜೋಡಿಸುವ ಕೆಲಸ ಸಹಜವಾಗಿ ಪ್ರಖ್ಯಾತ ಪರೀಕ್ಷಕನ ಪಾಲಿಗೆ ಬಂತು. ದಿನಗಟ್ಟಲೆ ಕೂತು ಜೋಡಿಸಿದೆ. ಒಂದೇ ಒಂದು ತಪ್ಪಿಲ್ಲದಂತೆ ಹೆಸರು ಹೆಸರನ್ನೂ ಪ್ರಫುಲ್ಲಾಳಿಗೆ ಓದಿ ಹೇಳಿದೆ. ಎಲ್ಲ ಮುಗಿದ ಮೇಲೆ, ಇಷ್ಟು ಮಾಡಿದವನ ಚುಕ್ಕಿಚೌಕ ಹೆಂಡತಿಗೆ ಇನ್ನೂ ಸ್ವಲ್ಪ ಹತ್ತಿರವಿದ್ದರೆ ಒಳ್ಳೆಯದೆನಿಸಿತು. ಮೌಸಿನಿಂದ ಅದನ್ನು ಹಿಡಿದು ಒಂದಿಷ್ಟು ಸರಿಸಿ ಬಿಟ್ಟೆ. ಕೋಟದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಸುತ್ತಿ ಕಟ್ಟಿ ತಲ್ಲೂರಿಗೆ ಒಯ್ದೆವು.

ಮೂಲಮನೆಯ ಚಾವಡಿ ಜನರಿಂದ ತುಂಬಿತ್ತು. ಗೋಡೆಗೆ ತೂಗುಹಾಕಿದ ವೃಕ್ಷವನ್ನು ನೋಡಿ ಎಲ್ಲರೂ ಹೊಗಳಿದರು. ಕುಟುಂಬಕ್ಕೆ ಹಿರಿಯರಾದ ಸುಗುಣ ದೊಡ್ಡಮ್ಮ ಕುರ್ಚಿಯಲ್ಲಿ ಕೂತು, “ನಂಗೆ ಕಾಂತಿಲ್ಲೆ, ಯಾರಾರೂ ಓದಿ ಹೇಳಿ,” ಎಂದರು. ಉಮಾನಾಥನೇ ಎದ್ದ. ದೊಡ್ಡ ಗಂಟಲಿನಲ್ಲಿ ಓದುತ್ತಾ ನಮ್ಮ ಕವಲಿಗೆ ಬಂದವನು ತಟ್ಟನೆ ನಿಂತ. ಮುಖದಲ್ಲಿ ಒಂದು ಬೆಳಕು ಬಂತು.

“ಪ್ರಫುಲ್ಲಾ. ಗಂಡ ಉಮಾನಾಥ, ಬ್ರಹ್ಮಾವರ,” ಎಂದು ನಿಧಾನಕ್ಕೆ ಓದಿದ. “ಸ್ನೇಹಲತಾ. ಗಂಡ ರತ್ನಾಕರ, ಕೋಟ.”

ನಾನು ಸರಿಸಿ ಬಿಟ್ಟ ಚೌಕ ಹೋಗಿ ಕೂತದ್ದು ನಾದಿನಿಯ ಪಕ್ಕದಲ್ಲಿ. ಒಬ್ಬಳಿಗೆ ಇಬ್ಬರು ಗಂಡಂದಿರು ಬೇಡವೆಂದು ತಾಯಿಬೇರು ಬಹಳ ವಿನಯದಿಂದ ಉಮಾನಾಥನನ್ನು ಎತ್ತಿ ಈಚೆಗೆ ಇಟ್ಟಿತ್ತು.

ಸುಗುಣ ದೊಡ್ಡಮ್ಮ, “ಇದ್ ಯಾವಾಗ ಆದ್ದ್? ನಂಗೊಂದ್ ಕಾಗ್ದವೂ ಬರ್ಲಿಲ್ಲೆ,” ಎಂದರು. ಆಮೇಲಿನ ನಗೆಯಲ್ಲಿ ಮಾಡಿನ ಹಂಚು ಉಳಿದದ್ದೇ ಹೆಚ್ಚು.

“ನಂಗೆ ಅಡ್ಡಿಲ್ಲೆ ಭಾವ,” ಎಂದಳು ಸ್ನೇಹಲತಾ. “ಲ್ಯಾಪ್‌ಟಾಪ್ ಮಾತ್ರ ಅವ್ರೊಟ್ಟಿಗೇ ಹೋತ್ತ್, ಈಗ್ಲೇ ಹೇಳ್ತೆ.”

ಆ ಮಾತು ಕೇಳಿದ್ದೇ ನನ್ನ ತಲೆಯೊಳಗೆ ದೀಪ ಹೊತ್ತಿತು. ಇದೇ ಸಮಯ. ಎದ್ದು ನಿಂತು, “ಇದ್ ನನ್ನ ತಪ್ಪಲ್ಲ. ನಮ್ಮ ಕಂಪ್ಯೂಟರಿನ ತಪ್ಪ್. ಪರದೆ ಪೂರಾ ಮಸ್ಕ್, ಅಕ್ಷರವೇ ಕಾಂತಿಲ್ಲೆ. ಅದಕ್ಕೇ ನಾ ಹೊಸತ್ ಬೇಕ್ ಬೇಕ್ ಅಂದದ್ದ್. ಈಗ ಎಲ್ರೂ ಕಂಡ್ರಿ ಅಲ್ದಾ,” ಎಂದೆ. ಒಂದಿಬ್ಬರು ಹೌದೆಂಬಂತೆ ತಲೆಯಾಡಿಸಿದರು. ಪ್ರಫುಲ್ಲಾ ಕೂಡ ಯೋಚನೆಗೆ ಬಿದ್ದಂತೆ ಕಂಡಳು.

ಉಮಾನಾಥ ಕಿಸೆಯಿಂದ ಮೊಬೈಲು ತೆಗೆದ. ಪಡುಗಡಲು ತೆರೆದ.

“ಅಕ್ಷರಗಳು ಮುತ್ತು ಪೋಣಿಸಿದಂತೆ ಸ್ಪಷ್ಟವಾಗಿ ಗೋಚರಿಸಿರುತ್ತವೆ,” ಎಂದು ಓದಿದ. “ರತ್ನಾಕರ ಶೆಟ್ಟಿ, ಕೋಟ. ಶೆಟ್ರೆ, ಇದ್ ನೀವೇ ಬರ್ದದ್ದಲ್ದಾ? ತಪ್ಪಿದ್ರೆ ಹೇಳಿ, ತಿದ್ದುಕೆ ಬರೀವ.”

ನಾನು ಕೂತೆ.

“ಕಂಪ್ಯೂಟರ್ ಸಮ ಇತ್ತ್ ಅಂತ ಊರಿಗೇ ಗೊತ್ತಾಯ್ತ್,” ಎಂದಳು ಪ್ರಫುಲ್ಲಾ. “ಸಮ ಇಲ್ದೆ ಇದ್ದದ್ದ್ ಎಂತ ಅಂತ ನಂಗೊತ್ತಿತ್ತ್. ಹ್ವಾಯ್, ಬಪ್ಪು ಶನಿವಾರ ಕುಂದಾಪುರಕ್ಕೆ ಹೋಪ.”

ಹೋದೆವು. ಕನ್ನಡಕದ ಅಂಗಡಿ ಇರುವುದು ಲ್ಯಾಪ್‌ಟಾಪಿನ ಅಂಗಡಿಯ ಪಕ್ಕದಲ್ಲೇ. ಹೊಸ ಕನ್ನಡಕ ಏರಿಸಿಕೊಂಡು ಹೊರಗೆ ಬಂದಾಗ ಮೊದಲು ಕಂಡದ್ದು ಗಾಜಿನಾಚೆಯ ಆ ಬೆಳ್ಳಿ ಬಣ್ಣದ ಲ್ಯಾಪ್‌ಟಾಪು. ಅದು ಅಷ್ಟು ಚಂದವಿದೆಯೆಂದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಮನೆಗೆ ಬಂದು ಗ್ರೈಂಡರು ಶುರು ಮಾಡಿದೆ. ಪರದೆಯ ಅಕ್ಷರಗಳು ನಿಜವಾಗಿಯೂ ಮುತ್ತು ಪೋಣಿಸಿದ ಹಾಗಿದ್ದವು. ಮೂಲೆಯಲ್ಲಿ ಹಲ್ಲಿಯ ಮರಿಗಳೂ ಕಂಡವು, ನಾನು ಇಷ್ಟು ದಿನ ಒಂದೇ ಮರಿ ಎಂದುಕೊಂಡಿದ್ದೆ.

ಪಡುಗಡಲು ತೆರೆದೆ. ತಾಯಿಬೇರಿನ ಪುಟದಲ್ಲಿ ನನ್ನ ತಿದ್ದುಪಡಿಯ ಕೆಳಗೆ ಹೊಸದಾಗಿ ಇನ್ನೊಂದು ಸೇರಿತ್ತು. ‘ಕಡ್ಡಾಯವಾಗಿ ಬೇಕಾದುದು: ಕಂಪ್ಯೂಟರು ಎಷ್ಟು ಹಳತಾದರೂ ಅಡ್ಡಿಲ್ಲ, ಕೂತವರ ಕಣ್ಣು ಸರಿಯಿರಬೇಕು. ಪುರಾವೆ: ನನ್ನ ಗಂಡ. ಇಂತಿ, ಪ್ರಫುಲ್ಲಾ ಶೆಟ್ಟಿ, ಕೋಟ.’ ಪಕ್ಕದಲ್ಲಿ ತಲ್ಲೂರಿನ ಗೋಡೆಯ ಫೋಟೊ.

ಹೊಸ ಕನ್ನಡಕ ಒರೆಸಿ ಹಾಕಿಕೊಂಡು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಎರಡು ಸಲ ಓದಿದೆ. ತಿದ್ದುವುದಕ್ಕೆ ಒಂದು ತಪ್ಪೂ ಸಿಗಲಿಲ್ಲ.